ಅಪ್ಪ ನಕ್ಕ ಫೋಟೋ

ನಮ್ಮ ಮನೆಯ ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿ, ಹರಿದ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ನನ್ನ ಮದುವೆಯ ಆಲ್ಬಮ್ ಇತ್ತು. ಇತ್ತು ಎನ್ನುತ್ತಿದ್ದೇನೆ, ಏಕೆಂದರೆ ಮೂರು ವರ್ಷದ ಹಿಂದಿನ ಡಿಸೆಂಬರ್ ಮಳೆಗೆ ಮದರಾಸಿನ ಅಂಬತ್ತೂರಿನ ನಮ್ಮ ಬೀದಿಯಲ್ಲಿ ಕೆರೆಯ ನೀರು ನುಗ್ಗಿ, ನೆಲಮಹಡಿಯ ಮನೆಯೊಳಗೆ ಮೊಣಕಾಲುದ್ದ ನಿಂತು, ಎರಡು ದಿನ ಕಳೆದು ಇಳಿದು ಹೋದಾಗ, ಆ ಆಲ್ಬಮ್ಮು ಅಂಟಂಟಾದ ಒಂದು ಕಪ್ಪು ಮುದ್ದೆಯಾಗಿತ್ತು. ಹಾಳೆಗಳನ್ನು ಬಿಡಿಸಲು ಹೋದರೆ ಒಬ್ಬರ ಮುಖ ಇನ್ನೊಬ್ಬರ ಸೀರೆಗೆ ಅಂಟಿಕೊಂಡು ಬರುತ್ತಿತ್ತು. ಗಂಡ ಸಂಪತ್ ಪಕ್ಕದಲ್ಲಿ ನಿಂತು ನೋಡಿ, "ವಿಡು, ಹೋದರೆ ಹೋಗಲಿ" ಎಂದು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಅಂದರು. ಫ್ರಿಜ್ಜು, ಹಾಸಿಗೆ, ಮಗಳ ಸರ್ಟಿಫಿಕೇಟು ಎಲ್ಲಕ್ಕೂ ಅವರು ಹಾಗೆಯೇ ಅಂದಿದ್ದರು. ನಾನು ಮಾತ್ರ ಒಂದೇ ಒಂದು ಪುಟಕ್ಕಾಗಿ ಮೂರು ದಿನ ಆ ಮುದ್ದೆಯನ್ನು ಬಿಡಿಸುತ್ತಾ ಕೂತಿದ್ದೆ. ಆ ಪುಟ ಸಿಕ್ಕಿತು. ಅದರ ಮೇಲಿನ ಚಿತ್ರ ಸಿಗಲಿಲ್ಲ.

ಆ ಚಿತ್ರದಲ್ಲಿ ನನ್ನ ಅಪ್ಪ ನಗುತ್ತಿದ್ದರು. ಬಾಯಿ ತುಂಬ, ಹಲ್ಲೆಲ್ಲ ಕಾಣುವ ಹಾಗೆ. ಧಾರೆ ಮುಗಿದ ಮರುಗಳಿಗೆ ತೆಗೆದದ್ದು; ಮಂಟಪದ ಕಂಬಕ್ಕೆ ಒರಗಿ ಅಪ್ಪ, ಅವರ ಪಕ್ಕದಲ್ಲಿ ತಲೆ ತಗ್ಗಿಸಿ ಬಾಸಿಂಗದ ಮರೆಯಲ್ಲಿ ನಾನು. ಬಣ್ಣದ ಫೋಟೋ ಬಂದು ಎಷ್ಟೋ ವರ್ಷವಾಗಿದ್ದರೂ, ಬಣ್ಣ ಬೇಗ ಮಾಸುತ್ತದೆಂದು ಅಪ್ಪ ಹಟ ಹಿಡಿದು ಕಪ್ಪುಬಿಳುಪಿನಲ್ಲೇ ತೆಗೆಸಿದ್ದರು. ಅಪ್ಪನ ನಗುವಿನಲ್ಲಿ ಅಷ್ಟೇನು ವಿಶೇಷ ಎಂದು ನೀವು ಕೇಳಬಹುದು. ಅದಕ್ಕೆ ಸ್ವಲ್ಪ ಹಿಂದಿನ ಕತೆ ಹೇಳಬೇಕು.

ನಮ್ಮದು ಮೈಸೂರು ಕಡೆಯ ವೈಷ್ಣವ ಮನೆತನ. ತಾತನ ಕಾಲಕ್ಕೇ ಮದರಾಸಿಗೆ ಬಂದು ನೆಲೆಯೂರಿದವರು. ಅಪ್ಪ ಮಾಧವರಂ ಹಾಲಿನ ಡೇರಿಯಲ್ಲಿ ಮೇಲ್ವಿಚಾರಕರಾಗಿದ್ದರು. ನಾನು ಎಗ್ಮೋರಿನ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯೇ ಗುಮಾಸ್ತರಾಗಿದ್ದ ಸಂಪತ್‌ರನ್ನು ಮೆಚ್ಚಿಕೊಂಡೆ. ಅವರದು ಬೇರೆ ಜಾತಿಯ ತಮಿಳು ಮನೆ. ವಿಷಯ ತಿಳಿದ ದಿನ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, ಮಾತು ನಿಲ್ಲಿಸಿದರು. ನಾಲ್ಕು ತಿಂಗಳು ಒಂದೇ ಮನೆಯಲ್ಲಿದ್ದು, ಒಂದೇ ಸಾಲಿನಲ್ಲಿ ಕೂತು ಊಟ ಮಾಡುತ್ತಾ, "ಅವಳಿಗೆ ಹೇಳು, ಬಸ್ಸಿಗೆ ಹೊತ್ತಾಯ್ತು ಅಂತ" ಎಂದು ಅಮ್ಮನ ಮೂಲಕ ನನ್ನೊಂದಿಗೆ ವ್ಯವಹಾರ ನಡೆಸಿದರು. ಆಮೇಲೆ ಒಂದು ಭಾನುವಾರ ಪೇಪರಿನಿಂದ ತಲೆಯೆತ್ತದೆ, "ಧಾರೆ ಮಾತ್ರ ನಮ್ಮ ಪದ್ಧತಿಯಲ್ಲೇ ಆಗಬೇಕು" ಎಂದರು. ಅದೇ ಒಪ್ಪಿಗೆ. ಅದಾದ ಮೇಲೆ ಅವರು ನನ್ನೊಂದಿಗೆ ಆಡಿದ್ದೆಲ್ಲ ಛತ್ರದ ಮಾತು, ಅಡಿಗೆಯವರ ಮಾತು, ಸೀರೆಯ ಮಾತು. ಮನಸ್ಸು ಒಪ್ಪಿತೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ, ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಮದುವೆಯಾಗಿ ಹದಿನಾಲ್ಕು ತಿಂಗಳಿಗೆ, ಡೇರಿಯಿಂದ ಮನೆಗೆ ಬರುವ ದಾರಿಯಲ್ಲಿ ಎದೆನೋವು ಬಂದು ಅಪ್ಪ ತೀರಿಕೊಂಡರು.

ಹಾಗಾಗಿ ನನಗೆ ಉಳಿದದ್ದು ಆ ನಗು. ನನ್ನ ಪಾಲಿಗೆ ಅದು ಅಪ್ಪ ರುಜು ಹಾಕಿ ಕೊಟ್ಟ ಒಪ್ಪಿಗೆಪತ್ರ. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ, "ನೋಡಿ, ನಮ್ಮಪ್ಪ ಆವತ್ತು ಎಷ್ಟು ಖುಷಿಯಾಗಿದ್ದರು" ಎನ್ನುತ್ತಿದ್ದೆ. ಸಂಪತ್ ಜೊತೆ ಜಗಳವಾಡಿದ ದಿನಗಳಲ್ಲಿ, ಅತ್ತೆ ನನ್ನ ಅಡಿಗೆಯನ್ನು ಹಳಿದ ದಿನಗಳಲ್ಲಿ, ಒಬ್ಬಳೇ ಕೂತು ಅದನ್ನು ನೋಡಿ, ಅಪ್ಪ ಒಪ್ಪಿದ್ದರು, ಆದ್ದರಿಂದ ಇದು ತಪ್ಪಾಗಿರಲಾರದು ಎಂದುಕೊಳ್ಳುತ್ತಿದ್ದೆ.

ಮಳೆನೀರು ಇಳಿದ ವಾರ ಮನೆ ತೊಳೆಯಲು ಸಹಾಯಕ್ಕೆಂದು ತಂಗಿ ಸುಧಾ ಮಾಧವರಂನಿಂದ ಬಂದಳು. ನನಗಿಂತ ಹದಿಮೂರು ವರ್ಷ ಚಿಕ್ಕವಳು; ಬ್ಯಾಂಕಿನಲ್ಲಿ ಕೆಲಸ; ಯಾವುದನ್ನೂ ಸುತ್ತಿಬಳಸಿ ಹೇಳುವವಳಲ್ಲ. ಅಂಗಳದಲ್ಲಿ ಪಾತ್ರೆ ಉಜ್ಜುತ್ತಾ ಕೂತಾಗ ನಾನು ಆಲ್ಬಮ್ಮಿನ ಕತೆ ಹೇಳಿ, "ಅಪ್ಪ ನಕ್ಕ ಫೋಟೋ ಹೋಯ್ತಲ್ಲೇ" ಎಂದೆ.

"ನಕ್ಕಿದ್ದಾ?" ಅಂದಳು ಸುಧಾ, ಕೈ ನಿಲ್ಲಿಸದೆ. "ಅಪ್ಪ ಅವತ್ತು ಅತ್ತುಬಿಟ್ಟಿದ್ದರು ಅಕ್ಕಾ. ಫೋಟೋದವನೇ ಸಿರಿಂಗ ಸಾರ್, ಸಿರಿಂಗ ಸಾರ್, ನಗಿ ನಗಿ ಅಂತ ಬಲವಂತ ಮಾಡಿ ನಗಿಸಿದ್ದು. ನಿನಗೆ ಗೊತ್ತಿಲ್ವಾ?"

"ಯಾರು ಹೇಳಿದ್ದು ನಿನಗೆ?"

"ಯಾರೂ ಹೇಳಬೇಕಾಗಿಲ್ಲ. ನಾನೂ ಅಲ್ಲೇ ಇದ್ದೆನಲ್ಲ."

ಅಷ್ಟು ಹೇಳಿ ಅವಳು ಇಡ್ಲಿ ಪಾತ್ರೆಯನ್ನು ಬೋರಲು ಹಾಕಿ ಎದ್ದು ಹೋದಳು. ನಾನು ಅಲ್ಲೇ ಕೂತೆ. ಮೂವತ್ತೇಳು ವರ್ಷ ನಂಬಿಕೊಂಡು ಬಂದ ನಗು ಕ್ಯಾಮರಾದವನ ಅಪ್ಪಣೆಯಾಗಿದ್ದರೆ, ಅದರ ಕೆಳಗೆ ನಾನು ಬರೆದುಕೊಂಡಿದ್ದ ಒಪ್ಪಿಗೆ ಯಾರದು? ಅತ್ತರು ಎಂದರೆ ಯಾಕೆ ಅತ್ತರು? ಮಗಳನ್ನು ಕಳಿಸುವಾಗ ಎಲ್ಲ ಅಪ್ಪಂದಿರೂ ಅಳುತ್ತಾರೆ, ನಿಜ. ಆದರೆ ನಾಲ್ಕು ತಿಂಗಳು ಮಾತು ಬಿಟ್ಟ ಅಪ್ಪನ ಅಳುವಿಗೆ ಬೇರೆ ಅರ್ಥವೂ ಇರಬಹುದಲ್ಲ?

ಅಲ್ಲಿಂದ ಮೊದಲ್ಗೊಂಡು ನನಗೆ ಫೋಟೋಗಳ ಮೇಲೆ ಒಂದು ಬಗೆಯ ಗುಮಾನಿ ಹತ್ತಿಕೊಂಡಿತು. ಅದೇ ಚಳಿಗಾಲದಲ್ಲಿ ನನ್ನ ಮೊಮ್ಮಗನ ನಾಮಕರಣವಾಯಿತು. ಮಗುವಿನ ಕಿವಿಯಲ್ಲಿ ಅಪ್ಪನಾದವನು ಮೂರು ಸಲ ಹೆಸರು ಹೇಳುವ ಶಾಸ್ತ್ರ; ನಮ್ಮ ಅಳಿಯ ಅದನ್ನು ಏಳು ಸಲ ಹೇಳಿದ. ಮೊದಲ ಮೂರು ಶಾಸ್ತ್ರಕ್ಕೆ, ಉಳಿದ ನಾಲ್ಕು ಫೋಟೋಗ್ರಾಫರಿಗೆ. ಒಮ್ಮೆ ಮಗುವಿನ ಕೈ ಅಡ್ಡ ಬಂತು, ಒಮ್ಮೆ ಯಾರದೋ ಫೋನಿನ ಬೆಳಕು ಬಿತ್ತು, ಒಮ್ಮೆ ಅಜ್ಜಿಯ ಮುಖದಲ್ಲಿ ಸಂತೋಷ ಸಾಲದಾಯಿತು. ಆ ಅಜ್ಜಿ ನಾನೇ. "ಅಮ್ಮಾ, ಕೊಂಜಂ, ಒಂಚೂರು ನಗು, ಪ್ಲೀಸ್" ಎಂದು ಮಗಳು ಹಿಂದಿನಿಂದ ಪಿಸುಗುಟ್ಟಿದಳು. ನಕ್ಕೆ. ಆ ನಗುವೇ ಈಗ ಅವರ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿದೆ. ನಿಜವಾಗಿ ಆ ಹೊತ್ತಿನಲ್ಲಿ ನನಗಿದ್ದದ್ದು ಸೊಂಟನೋವು, ಮತ್ತು ಪಾಯಸ ತಳ ಹಿಡಿಯುತ್ತಿದೆಯೇನೋ ಎಂಬ ಆತಂಕ. ನಾಳೆ ಆ ಮಗು ದೊಡ್ಡದಾಗಿ, ಅಜ್ಜಿ ನನ್ನ ಹೆಸರು ಕೇಳಿ ಹೀಗೆ ನಕ್ಕಳು ಎಂದುಕೊಂಡರೆ ಅದನ್ನು ತಿದ್ದುವವರು ಯಾರು? ತಿದ್ದಬೇಕೇ ಎಂಬುದೂ ನನಗೆ ತಿಳಿಯದು.

ನೀವೂ ಗಮನಿಸಿರಬಹುದು. ಬಾಲ್ಯದ ಹಬ್ಬ, ಹುಟ್ಟುಹಬ್ಬಗಳಲ್ಲಿ ನಮಗೆ ಚೆನ್ನಾಗಿ ನೆನಪಿರುವ ದಿನಗಳೆಲ್ಲ ಬಹುಮಟ್ಟಿಗೆ ಫೋಟೋ ಇರುವ ದಿನಗಳೇ. ನೆನಪಿರುವುದರಿಂದ ಫೋಟೋ ಹಿಡಿಸುತ್ತದೆಯೋ, ಫೋಟೋ ಇರುವುದರಿಂದ ನೆನಪಿದೆ ಅನ್ನಿಸುತ್ತದೆಯೋ? ನನ್ನ ಮೂರನೆಯ ವರ್ಷದ ಹುಟ್ಟುಹಬ್ಬ ನನಗೆ ನೆನಪಿದೆ ಎಂದು ಬಹಳ ಕಾಲ ಹೇಳಿಕೊಳ್ಳುತ್ತಿದ್ದೆ. ಚುಕ್ಕಿ ಚುಕ್ಕಿಯ ಫ್ರಾಕು, ಕೈಯಲ್ಲಿ ಚಕ್ಕುಲಿ. ಆಮೇಲೆ ಒಂದು ದಿನ ಹೊಳೆಯಿತು, ಆ ನೆನಪಿನಲ್ಲಿ ನನಗೆ ನನ್ನ ಮುಖವೇ ಕಾಣುತ್ತಿದೆ. ತನ್ನ ಕಣ್ಣಿನಿಂದ ನೋಡಿದವರಿಗೆ ತನ್ನ ಮುಖ ಕಾಣುವುದುಂಟೇ? ಅದು ನನ್ನ ನೆನಪಲ್ಲ, ಕ್ಯಾಮರಾದ ನೆನಪು. ನಾನು ಅದನ್ನು ಇಟ್ಟುಕೊಂಡು ನನ್ನದೆನ್ನುತ್ತಿದ್ದೆ.

ಹಾಗೆಂದು ಫೋಟೋಗಳು ಬೇಡವೇ ಬೇಡ ಎನ್ನುವಷ್ಟು ಗಟ್ಟಿಗಿತ್ತಿಯಲ್ಲ ನಾನು. ನಮ್ಮಮ್ಮನ ತಾಯಿಯ ಮುಖ ನನಗೆ ತಿಳಿದಿರುವುದೇ ಒಂದು ಹಳದಿಗಟ್ಟಿದ ಚಿತ್ರದಿಂದ. ಅದಿಲ್ಲದಿದ್ದರೆ ನನ್ನ ಮೂಗು ಎಲ್ಲಿಂದ ಬಂತೆಂಬುದೇ ಗೊತ್ತಾಗುತ್ತಿರಲಿಲ್ಲ. ಆದರೆ ಮುಖ ತೋರಿಸುವ ಚಿತ್ರ ಮನಸ್ಸನ್ನೂ ತೋರಿಸುತ್ತದೆಂದು ಮೂವತ್ತೇಳು ವರ್ಷ ನಂಬಿದ್ದೆನಲ್ಲ, ಆ ನಂಬಿಕೆಯ ಮೇಲೆ ನನಗೆ ಸಿಟ್ಟು ಬಂತು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಎಗ್ಮೋರಿಗೆ ಹೋದೆ. ರೈಲ್ವೆ ಸ್ಟೇಷನ್ನಿನ ಎದುರಿನ ಲಾಡ್ಜುಗಳ ಸಾಲು ದಾಟಿ ಒಳಗಿನ ಗಲ್ಲಿಯಲ್ಲಿ ನಮ್ಮ ಮದುವೆಗೆ ಬಂದಿದ್ದ ಫೋಟೋಗ್ರಾಫರರ ಸ್ಟುಡಿಯೋ ಇತ್ತು. ಮುಚ್ಚಿರುತ್ತದೆ ಎಂದುಕೊಂಡೇ ಹೋದದ್ದು. ತೆರೆದಿತ್ತು. ಮುಂದಿನ ಕೋಣೆಯಲ್ಲಿ ಒಬ್ಬ ಹೆಂಗಸು ಪಾಸ್‌ಪೋರ್ಟಿಗೆ ಫೋಟೋ ತೆಗೆಯುತ್ತಿದ್ದಳು. ಒಳಗೆ ಫ್ಯಾನಿನ ಕೆಳಗೆ ಅವಳ ಅಪ್ಪ, ಆಗಿನ ಫೋಟೋಗ್ರಾಫರು, ಬನಿಯನ್ನಿನಲ್ಲಿ ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಒಂದು ಕಣ್ಣಿಗೆ ಪೊರೆ. ನಾನು ಅಪ್ಪನ ಹೆಸರು, ಮದುವೆಯಾದ ವರ್ಷ, ಛತ್ರ, ಎಲ್ಲ ಹೇಳಿದೆ.

"ನೆನಪಿದೆಯಾ ಅಯ್ಯಾ?" ಎಂದು ತಮಿಳಿನಲ್ಲಿ ಕೇಳಿದೆ. "ನಮ್ಮಪ್ಪ ಆವತ್ತು ಅತ್ತರಂತೆ. ನೀವು ನಗಿಸಿದಿರಂತೆ."

ಅವರು ತಲೆಯಾಡಿಸಿದರು. "ಇಲ್ಲಮ್ಮಾ. ಎಷ್ಟು ಅಪ್ಪಂದಿರು ಅತ್ತಿದ್ದಾರೆ, ಎಲ್ಲರಿಗೂ ನಗಿ ಅಂತಲೇ ಹೇಳಿದ್ದೇನೆ. ಯಾರು ಅಂತ ನೆನಪಿಟ್ಟುಕೊಳ್ಳಲಿ?"

ನೆನಪಿದೆ ಎಂದು ಅವರು ಹೇಳಿದ್ದರೆ ನಾನು ಬಹುಶಃ ನಂಬುತ್ತಿರಲಿಲ್ಲ. ಇಲ್ಲ ಎಂದದ್ದರಿಂದಲೇ ಆ ಮನುಷ್ಯರ ಮೇಲೆ ಸ್ವಲ್ಪ ವಿಶ್ವಾಸ ಬಂತು. ಎದ್ದು ಹೊರಡುವಷ್ಟರಲ್ಲಿ ಅವರೇ ಮಗಳನ್ನು ಕರೆದು, "ಆ ಹಳೆಯ ಡಬ್ಬಗಳನ್ನು ಇಳಿಸಮ್ಮಾ" ಎಂದರು. ಅಟ್ಟದ ಮೇಲೆ ವರ್ಷವಾರಿಯಾಗಿ ಜೋಡಿಸಿದ ತಗಡಿನ ಡಬ್ಬಗಳು. ಮೂರನೆಯದರಲ್ಲಿ ಒಂದು ಕಂದು ಲಕೋಟೆ, ಅದರ ಮೇಲೆ ತಮಿಳಿನಲ್ಲಿ ಅಪ್ಪನ ಹೆಸರು. ಒಳಗೆ ನೆಗೆಟಿವ್ ಪಟ್ಟಿಗಳ ಜೊತೆ ಬೆಂಕಿಪೊಟ್ಟಣದಷ್ಟು ಅಗಲದ ಸಣ್ಣ ಸಣ್ಣ ಪ್ರೂಫ್ ಚಿತ್ರಗಳು. ಆಗೆಲ್ಲ ತೆಗೆದದ್ದನ್ನೆಲ್ಲ ದೊಡ್ಡದು ಮಾಡುತ್ತಿರಲಿಲ್ಲವಂತೆ. ಮನೆಯವರು ಬಂದು ಈ ಸಣ್ಣ ಚಿತ್ರಗಳನ್ನು ನೋಡಿ ಬೇಕಾದ್ದನ್ನು ಆರಿಸಿಕೊಟ್ಟ ಮೇಲೆ ಆಲ್ಬಮ್ಮು.

"ನಮ್ಮ ಮನೆಯಿಂದ ಆರಿಸಲು ಬಂದವರು ಯಾರು?" ಎಂದೆ.

"ಹೆಸರು ಯಾರದಿದೆಯೋ ಅವರೇ ಬಂದಿರಬೇಕು" ಎಂದು ಲಕೋಟೆಯ ಮೇಲೆ ಬೆರಳಿಟ್ಟರು. ಆಮೇಲೆ ಒಂದು ಭೂತಗನ್ನಡಿಯನ್ನು ನನ್ನತ್ತ ಸರಿಸಿದರು.

ಧಾರೆಯ ಹೊತ್ತಿನವು ಒಂಬತ್ತು ಚಿತ್ರಗಳಿದ್ದವು. ಅಪ್ಪ ನಕ್ಕದ್ದು ಎಂಟನೆಯದು. ಅದರ ಹಿಂದಿನ ಎರಡನ್ನು ನಾನು ಯಾವತ್ತೂ ನೋಡಿರಲಿಲ್ಲ. ಮೊದಲನೆಯದರಲ್ಲಿ ಅಪ್ಪ ಅದೇ ಕಂಬಕ್ಕೆ ಒರಗಿ, ಉತ್ತರೀಯದ ತುದಿಯನ್ನು ಬಾಯಿಗೆ ಒತ್ತಿಹಿಡಿದಿದ್ದಾರೆ, ಕಣ್ಣು ಮುಚ್ಚಿದೆ, ಕತ್ತಿನ ನರ ಉಬ್ಬಿದೆ. ಸುಧಾ ಹೇಳಿದ್ದು ಸರಿ, ಅಪ್ಪ ಅತ್ತಿದ್ದರು. ಅಷ್ಟನ್ನು ಎದುರಿಸಲು ನಾನು ತಯಾರಾಗಿಯೇ ಬಂದಿದ್ದೆ. ತಯಾರಿಲ್ಲದಿದ್ದದ್ದು ಎರಡನೆಯದಕ್ಕೆ. ಅದರಲ್ಲಿ ನಾನಿದ್ದೇನೆ. ತಲೆ ತಗ್ಗಿಸಿಲ್ಲ. ಬಾಸಿಂಗವನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿ, ಇನ್ನೊಂದು ಕೈಯಿಂದ ಅಪ್ಪನ ಮುಂಗೈ ಹಿಡಿದು, ಅಷ್ಟು ಹತ್ತಿರದಿಂದ, ಕಣ್ಣು ಬಿಟ್ಟು, ಅಳುತ್ತಿರುವ ಅಪ್ಪನ ಮುಖವನ್ನೇ ನೋಡುತ್ತಿದ್ದೇನೆ.

ಭೂತಗನ್ನಡಿ ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ಅವಳು ನಾನೇ. ನೋಡಿದ್ದೇನೆ. ಕೈ ಹಿಡಿದಿದ್ದೇನೆ. ಮತ್ತು ನನಗೆ ಅದರ ಒಂದು ಎಳೆಯೂ ನೆನಪಿಲ್ಲ. ಒಂದು ಸಲ ಕಣ್ಣಾರೆ ಕಂಡದ್ದನ್ನು, ಆಮೇಲೆ ನೂರು ಸಲ ಆಲ್ಬಮ್ಮಿನಲ್ಲಿ ಕಂಡದ್ದು ಒರೆಸಿ ಹಾಕಿತ್ತು. ಇಷ್ಟು ದಿನ ಫೋಟೋದವರ ಮೇಲೆ ಅನುಮಾನ ಪಡುತ್ತಿದ್ದ ನಾನು ಈಗ ಯಾರ ಮೇಲೆ ಪಡಲಿ?

"ಹಿಂದೆ ತಿರುಗಿಸಿ ನೋಡಮ್ಮಾ, ಏನೋ ಬರೆದಿದೆ. ನಿಮ್ಮ ಭಾಷೆ ಇರಬೇಕು" ಎಂದರು ಮುದುಕರು.

ತಿರುಗಿಸಿದೆ. ಪೆನ್ಸಿಲಿನಲ್ಲಿ, ಅಪ್ಪನ ದುಂಡಗಿನ ಅಕ್ಷರದಲ್ಲಿ, "ಬೇಡ" ಎಂದಿತ್ತು. ಅತ್ತ ಎರಡೂ ಚಿತ್ರಗಳ ಬೆನ್ನಿಗೆ ಬೇಡ, ಬೇಡ. ನಕ್ಕದ್ದರ ಬೆನ್ನಿಗೆ ಬರೀ ಒಂದು ಸರಿ ಗುರುತು.

ಅಂದರೆ ನನಗಾಗಿ ಆ ನಗುವನ್ನು ಆರಿಸಿದ್ದು ಕ್ಯಾಮರಾದವರಲ್ಲ, ಅಪ್ಪ. ಡೇರಿಯ ಪಾಳಿ ಮುಗಿಸಿಕೊಂಡು ಮಾಧವರಂನಿಂದ ಬಸ್ಸಿನಲ್ಲಿ ಇಷ್ಟು ದೂರ ಬಂದು, ಈ ಮರದ ಬೆಂಚಿನ ಮೇಲೋ ಇಂಥದ್ದೇ ಇನ್ನೊಂದರ ಮೇಲೋ ಕೂತು, ಮಗಳು ಏನನ್ನು ನೆನಪಿಟ್ಟುಕೊಳ್ಳಬೇಕು, ಏನನ್ನು ಮರೆಯಬೇಕು ಎಂದು ಒಂದೊಂದಾಗಿ ಗುರುತು ಹಾಕಿದ್ದಾರೆ. ಕಣ್ಣು ತುಂಬಿ ಬಂತು. ಆದರೂ ಗುಮಾನಿ ಬಿಡಬೇಕಲ್ಲ? ಬೇಡ ಎಂದರೆ ಏನು ಬೇಡ? ಚಿತ್ರವೇ, ಅಳುವೇ, ಅಥವಾ ಈ ಮದುವೆಯೇ? ಎರಡಕ್ಷರದ ಒಂದು ಮಾತನ್ನು ಇಟ್ಟುಕೊಂಡು ಎಗ್ಮೋರಿನಿಂದ ಅಂಬತ್ತೂರಿನವರೆಗೆ ಬಸ್ಸಿನ ಕಿಟಕಿಯ ಪಕ್ಕ ಕೂತು ಅಷ್ಟೂ ಅರ್ಥ ಹಚ್ಚಿದೆ. ಮುದುಕರು ಆ ಎರಡು ಪ್ರೂಫ್‌ಗಳನ್ನು ಒಂದು ಲಕೋಟೆಗೆ ಹಾಕಿ ನನಗೇ ಕೊಟ್ಟಿದ್ದರು; ನಕ್ಕದ್ದನ್ನು ನಾನು ಕೇಳಲಿಲ್ಲ. ದೊಡ್ಡದು ಮಾಡಿಕೊಡಲೇ ಎಂದು ಅವರ ಮಗಳು ಕೇಳಿದಾಗ, ಅಪ್ಪ ಬೇಡ ಅಂದಿದ್ದಾರೆ ಎಂದು ಹೇಳಿ ಬಂದಿದ್ದೆ.

ಮರುದಿನ ಸುಧಾಗೆ ಫೋನ್ ಮಾಡಿದೆ. "ನೀನು ಹೇಳಿದ್ದೇ ನಿಜ ಕಣೇ. ಅಪ್ಪ ಅತ್ತಿದ್ದಾರೆ, ಫೋಟೋ ಸಿಕ್ತು."

"ಅಕ್ಕಾ, ಒಂದು ಹೇಳ್ತೀನಿ, ಬೈಬೇಡ" ಎಂದಳು. "ನಾನು ನೋಡಲಿಲ್ಲ."

"ಅಲ್ಲೇ ಇದ್ದೆ ಅಂದೆಯಲ್ಲ?"

"ಛತ್ರದಲ್ಲೇ ಇದ್ದೆ. ಧಾರೆ ಹೊತ್ತಿಗೆ ಮಹಡಿ ಮೇಲೆ ಬೇರೆ ಹುಡುಗಿಯರ ಜೊತೆ ಆಡ್ತಾ ಇದ್ದೆ. ಊಟಕ್ಕೆ ಕೂಗಿದಾಗಲೇ ಇಳಿದು ಬಂದಿದ್ದು. ಅಪ್ಪ ಅತ್ತಿದ್ದು, ಫೋಟೋದವನು ಸಿರಿಂಗ ಅಂದಿದ್ದು, ಎಲ್ಲ ಅಮ್ಮ ಹೇಳಿದ್ದು. ಕೇಳಿ ಕೇಳಿ ನಾನೇ ನೋಡಿದ ಹಾಗಾಗಿಬಿಟ್ಟಿದೆ. ನೀನು ಅವತ್ತು ಕೇಳಿದಾಗಲೂ ನೋಡಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಆಮೇಲೆ ಮನೆಗೆ ಬಂದು ಯೋಚಿಸಿದರೆ, ನಾನೆಲ್ಲಿ ನಿಂತಿದ್ದೆ ಅನ್ನೋದೇ ಹೊಳೀಲಿಲ್ಲ."

"ಅಮ್ಮ ಇನ್ನೇನು ಹೇಳಿದ್ದಳು?"

"ನಿಮ್ಮಪ್ಪ ಅತ್ತಿದ್ದು ನನಗೊಬ್ಬಳಿಗೇ ಗೊತ್ತು, ನಿಮ್ಮಕ್ಕನಿಗೆ ಹೇಳಬೇಡ ಅಂದಿದ್ದಳು. ಅಷ್ಟೇ."

ಅಮ್ಮ ಹೋಗಿ ಎಂಟು ವರ್ಷವಾಯಿತು. ಅವಳನ್ನು ಕೇಳುವ ಹಾಗಿಲ್ಲ. ಫೋಟೋಗ್ರಾಫರಿಗೆ ನೆನಪಿಲ್ಲ. ಸುಧಾ ಮಹಡಿಯ ಮೇಲಿದ್ದಳು. ಸಂಪತ್‌ರನ್ನು ಕೇಳಿದರೆ, "ನಾನು ಹೋಮದ ಹೊಗೆಗೆ ಕಣ್ಣು ಉಜ್ಜುತ್ತಾ ಕೂತಿದ್ದೆ, ಏನೂ ತೆರಿಯಲೆ, ಕಾಣಲಿಲ್ಲ" ಎನ್ನುತ್ತಾರೆ. ಹತ್ತಿರದಿಂದ, ಕಣ್ಣು ಬಿಟ್ಟು ನೋಡಿದವಳೆಂದು ಇವತ್ತು ಜೀವಂತವಾಗಿರುವವಳು ನಾನೊಬ್ಬಳೇ. ನನಗೇ ಏನೂ ಗೊತ್ತಿಲ್ಲ.

ಬೇಸಿಗೆಯುದ್ದಕ್ಕೂ ನೆನಪಿಸಿಕೊಳ್ಳಲು ಯತ್ನಿಸಿದೆ. ಆ ಪ್ರೂಫನ್ನು ನೋಡಿದರೆ ಮತ್ತೆ ಅದೇ ಚಿತ್ರ ನೆನಪಿನ ಜಾಗದಲ್ಲಿ ಕೂತುಬಿಡುತ್ತದೆಂದು ಹೆದರಿ, ಲಕೋಟೆಯನ್ನು ಅಡಿಗೆಮನೆಯ ಮೇಲಿನ ಅಲಮಾರಿಯಲ್ಲಿಟ್ಟು ಮುಟ್ಟದೆ ಬಿಟ್ಟೆ. ಏನೂ ಬರಲಿಲ್ಲ. ಬರುವುದೂ ಇಲ್ಲ ಎಂದುಕೊಂಡು ಸುಮ್ಮನಾದೆ.

ಆಡಿ ತಿಂಗಳ, ಅಂದರೆ ಆಷಾಢದ ಹೊತ್ತಿನ, ಒಂದು ಬೆಳಿಗ್ಗೆ ಬೋರ್‌ವೆಲ್ ಕೆಟ್ಟು, ಬೀದಿಗೆ ಬಂದ ನೀರಿನ ಲಾರಿಯಿಂದ ಕೊಡ ತುಂಬಿಸಿ ತರುತ್ತಿದ್ದೆ. ಸಂಪತ್ ಬಾಗಿಲಲ್ಲಿ ನಿಂತು ಕೊಡ ಇಳಿಸಿಕೊಳ್ಳುವಾಗ ಅವರ ಕೈ ನನ್ನ ಒದ್ದೆ ಕೈಗೆ ತಾಗಿತು. ತಾಗಿದ್ದೇ ತಡ, ಯಾರೋ ಹಿಂದಿನಿಂದ ಹೇಳಿದ ಹಾಗೆ ಕೇಳಿಸಿತು: "ಕೈ ಯಾಕಮ್ಮ ಇಷ್ಟು ತಣ್ಣಗಿದೆ?" ಅಪ್ಪನ ದನಿ. ಅತ್ತು ಕಟ್ಟಿದ ಮೂಗಿನ ದನಿ. ಅದರ ಹಿಂದೆಯೇ ನನ್ನದು: "ಧಾರೆ ನೀರು ಅಪ್ಪ, ನೀವೇ ತಾನೆ ಹುಯ್ಸಿದ್ದು." ಅಪ್ಪ ಮಾತು ಬಿಟ್ಟ ಮೇಲೆ, ಛತ್ರ, ಅಡಿಗೆ, ಸೀರೆ ಬಿಟ್ಟು ನಾವಿಬ್ಬರು ಆಡಿದ ಮೊದಲ ಮಾತು. ಅದಕ್ಕೆ ಅಪ್ಪ ನಕ್ಕರು. ಫೋಟೋದವರು ನಗಿ ಎಂದರೋ ಇಲ್ಲವೋ, ಅದಕ್ಕೆ ನಕ್ಕರು.

ಕೊಡ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತೆ. ಸಂಪತ್ ಗಾಬರಿಯಾಗಿ, "ಎನ್ನ ಆಚ್ಚು, ಏನಾಯ್ತು?" ಎಂದರು. ಹೇಳಿದೆ. ಅವರು ಎಲ್ಲ ಕೇಳಿ, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ನನ್ನ ಪಕ್ಕದಲ್ಲೇ ಕೂತು, ತಮ್ಮ ಅರೆಬರೆ ಕನ್ನಡದಲ್ಲಿ ಕೇಳಿದರು: "ನಿಜವಾಗಿ ನಡೆದದ್ದಾ, ಇಲ್ಲ ನೀನೇ ಈಗ ಮಾಡಿಕೊಂಡದ್ದಾ?"

ಕೇಳಬೇಕಾದ ಪ್ರಶ್ನೆಯೇ. ಇಷ್ಟು ದಿನ ನಾನು ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆಯೂ ಹೌದು. ಲಾರಿ ಪಕ್ಕದ ಬೀದಿಗೆ ತಿರುಗುವವರೆಗೂ ಯೋಚಿಸಿದೆ.

"ಗೊತ್ತಿಲ್ಲ" ಎಂದೆ. "ಆದರೆ ಇದರ ಫೋಟೋ ಯಾರ ಹತ್ತಿರವೂ ಇಲ್ಲ."